ಕಣದ ಮೈಮೇಲಿನ ಗುರುತು

ಬ್ಲಡ್ ಕ್ಯಾನ್ಸರ್ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಆ ಹೆಸರು ಹೊತ್ತು ಆಸ್ಪತ್ರೆಗೆ ಹೋದ ಮೂವರ ಕಥೆ ಮೂರು ದಿಕ್ಕಿಗೆ ಸಾಗುವುದನ್ನು ಬಹಳ ಜನ ಕಂಡಿರುತ್ತಾರೆ. ಒಬ್ಬರಿಗೆ ನಿತ್ಯ ನುಂಗುವ ಮಾತ್ರೆ ಬರೆದುಕೊಟ್ಟು, ಕೆಲಸಕ್ಕೆ ಹೋಗಬಹುದು ಎನ್ನುತ್ತಾರೆ. ಒಂದು ಮಗುವಿಗೆ ಎರಡು ಮೂರು ವರ್ಷ ಎಳೆಯುವ ಕೀಮೋಥೆರಪಿ ಶುರುವಾಗುತ್ತದೆ. ಎಪ್ಪತ್ತು ದಾಟಿದ ಇನ್ನೊಬ್ಬರಿಗೆ ಸದ್ಯಕ್ಕೆ ಔಷಧಿಯೇ ಬೇಡ, ಕೆಲವು ತಿಂಗಳಿಗೊಮ್ಮೆ ಬಂದು ಹೋಗಿ ಎಂದು ಕಳಿಸುತ್ತಾರೆ. ಮನೆಯವರಿಗೆ ಗಾಬರಿ: ಕ್ಯಾನ್ಸರ್ ಎಂದಮೇಲೆ ಔಷಧಿ ಬೇಡವೆಂದರೆ ಏನರ್ಥ? ಈ ಮೂರು ಕಾಯಿಲೆಗಳಿಗೂ ಹೆಸರೊಂದೇ ಹೊರತು ಅವು ಒಂದೇ ಕಾಯಿಲೆಯಲ್ಲ ಎಂಬುದು ಉತ್ತರದ ಅರ್ಧ. ಅವನ್ನು ಬೇರೆ ಬೇರೆ ಎಂದು ಗುರುತಿಸುವುದು ಹೇಗೆ ಎಂಬುದು ಉಳಿದರ್ಧ. ಅದಕ್ಕೆ ದಾರಿ ನಮ್ಮೆಲ್ಲರ ಐಡಿ ಕಾರ್ಡಿನ ಮೇಲೆ ಅಚ್ಚಾಗಿರುವ ರಕ್ತದ ಗುಂಪಿನಿಂದಲೇ ಶುರುವಾಗುತ್ತದೆ.

‘ಎ’ ಗುಂಪಿನವರ ಕೆಂಪು ಕಣವನ್ನೂ ‘ಬಿ’ ಗುಂಪಿನವರದ್ದನ್ನೂ ಎಷ್ಟೇ ಒಳ್ಳೆಯ ಸೂಕ್ಷ್ಮದರ್ಶಕದಡಿ ಇಟ್ಟರೂ ಯಾವುದು ಯಾರದೆಂದು ಹೇಳಲಾಗದು. ಅದೇ ಗಾತ್ರ, ಅದೇ ಬಣ್ಣ, ನಡುವೆ ಅದೇ ತಗ್ಗು. ವ್ಯತ್ಯಾಸವಿರುವುದು ಕಣದ ಹೊರಪೊರೆಯಿಂದ ಚಾಚಿಕೊಂಡ ಸಕ್ಕರೆ ಸರಪಳಿಯ ತುದಿಯಲ್ಲಿ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಪ್ರತಿಕಾಯಕ್ಕೆ ಗೊತ್ತಾಗುತ್ತದೆ. ಪ್ರತಿಕಾಯವೆಂದರೆ ಒಂದು ನಿರ್ದಿಷ್ಟ ಆಕಾರಕ್ಕೆ ಮಾತ್ರ ಅಂಟುವಂತೆ ನಮ್ಮ ಮೈ ತಯಾರಿಸುವ ಪ್ರೋಟೀನು. ಸರಿಯಾದ ಪ್ರತಿಕಾಯವನ್ನು ಹನಿಸಿದರೆ ಒಂದು ರಕ್ತ ಗಂಟುಗಟ್ಟುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರ ಹೊತ್ತಿಗೆ ಕಂಡುಕೊಂಡದ್ದು ಇದನ್ನೇ. ಕಣ್ಣು ಸೋತಲ್ಲಿ ಪ್ರತಿಕಾಯವನ್ನು ಕೇಳುವ ಆ ಉಪಾಯವೇ ಇವತ್ತು ರಕ್ತದ ಕ್ಯಾನ್ಸರುಗಳಿಗೆ ಹೆಸರಿಡುತ್ತಿದೆ.

ಹೊಸ ತಿಪ್ಪಸಂದ್ರಕ್ಕೆ ಬಂದ ಒಂದು ರಕ್ತ

ಇಂದಿರಾನಗರದಿಂದ ಸ್ವಲ್ಪ ಆಚೆಗೆ, ಹೊಸ ತಿಪ್ಪಸಂದ್ರದಲ್ಲಿ ರೋಟರಿ ಬೆಂಗಳೂರು ಟಿಟಿಕೆ ರಕ್ತ ಕೇಂದ್ರವಿದೆ. ಕೋಲಾರದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ ಒಬ್ಬ ಮಹಿಳೆಯ ರಕ್ತ ಇಲ್ಲಿಗೆ ಬಂತು. ಗುಂಪು ‘ಓ’ ಪಾಸಿಟಿವ್, ಅಂದರೆ ತೀರ ಸಾಮಾನ್ಯವಾದದ್ದು. ಆದರೂ ಯಾವ ‘ಓ’ ಪಾಸಿಟಿವ್ ದಾನಿಯ ರಕ್ತವೂ ಹೊಂದಲಿಲ್ಲ. ಬಂಧುಗಳ ರಕ್ತ ಪರೀಕ್ಷಿಸಿದರು, ಅದೂ ಹೊಂದಲಿಲ್ಲ. ಕೊನೆಗೆ ವೈದ್ಯರು ಹೊರಗಿನ ರಕ್ತ ಕೊಡದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಯೋಗಾಲಯಕ್ಕೆ ಹೋಯಿತು; ತಿಂಗಳುಗಟ್ಟಲೆ ಹುಡುಕಿದ ಮೇಲೆ ಗೊತ್ತಾದದ್ದು, ಜಗತ್ತಿನ ಬಹುತೇಕ ಎಲ್ಲರ ಕೆಂಪು ಕಣಗಳ ಮೇಲೂ ಇರುವ ಒಂದು ಗುರುತು ಇವರಲ್ಲಿ ಇಲ್ಲವೆಂದು. ಹಾಗಾಗಿ ಉಳಿದವರೆಲ್ಲರ ರಕ್ತವೂ ಇವರ ಮೈಗೆ ಪರಕೀಯ. ಅಲ್ಲಿಯವರೆಗೆ ಯಾರೂ ಪಟ್ಟಿ ಮಾಡಿರದ ಆ ಗುರುತನ್ನು 2025ರ ಜೂನ್‌ನಲ್ಲಿ ಮಿಲಾನ್ ನಗರದ ರಕ್ತಪೂರಣ ಸಮ್ಮೇಳನದಲ್ಲಿ ‘ಕ್ರಿಬ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದು ಸೇರಿದ ಕ್ರೋಮರ್ ಎಂಬ ಗುಂಪಿನಿಂದ ಮೊದಲ ಎರಡು ಅಕ್ಷರ, ಇಂಡಿಯಾದಿಂದ ಒಂದು, ಬೆಂಗಳೂರಿನಿಂದ ಒಂದು.

ಕ್ರೋಮರ್ ಗುಂಪಿನ ಗುರುತುಗಳೆಲ್ಲ ಕಣದ ಮೇಲಿನ ಒಂದೇ ಪ್ರೋಟೀನಿನ ಭಾಗಗಳು. ಆ ಪ್ರೋಟೀನಿಗೆ ಸಿಡಿ55 ಎಂಬ ಇನ್ನೊಂದು ಹೆಸರಿದೆ. ಮೈಯೊಳಗಿನ ರೋಗನಿರೋಧಕ ದಾಳಿ ತನ್ನದೇ ರಕ್ತಕಣಗಳ ಮೇಲೆ ಬೀಳದಂತೆ ಕಾಯುವುದು ಅದರ ಕೆಲಸ. ರಕ್ತದ ಕಾಯಿಲೆಗಳನ್ನು ನೋಡುವ ವೈದ್ಯರು ಇದೇ ಸಿಡಿ55ನ್ನು ಬೇರೊಂದು ಕಾರಣಕ್ಕೆ ಹುಡುಕುತ್ತಾರೆ. ಮೂಳೆಮಜ್ಜೆಯ ಒಂದೇ ಒಂದು ಆಕರಕೋಶದಲ್ಲಿ ವಂಶವಾಹಿಯೊಂದು ಕೆಟ್ಟು, ಅದರ ಸಂತತಿಯೆಲ್ಲ ಸಿಡಿ55 ಮತ್ತು ಅದರಂಥದೇ ಕಾವಲಿನ ಸಿಡಿ59 ಎರಡನ್ನೂ ಮೈಮೇಲೆ ನಿಲ್ಲಿಸಿಕೊಳ್ಳಲಾಗದೆ ಹುಟ್ಟುವ ಕಾಯಿಲೆಯೊಂದಿದೆ. ಪಿಎನ್‌ಎಚ್ ಎಂದು ಅದರ ಹೆಸರು. ಕಾವಲಿಲ್ಲದ ಆ ಕೆಂಪು ಕಣಗಳು ರಕ್ತನಾಳದಲ್ಲೇ ಒಡೆಯುತ್ತವೆ, ಬೆಳಗಿನ ಮೂತ್ರ ಕಪ್ಪಾಗುತ್ತದೆ. ಕೆಲವರಲ್ಲಿ ಅದು ಮುಂದೆ ರಕ್ತದ ಕ್ಯಾನ್ಸರಿಗೂ ತಿರುಗುತ್ತದೆ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೋಲಾರದ ಮಹಿಳೆಯಲ್ಲಿ ಸಿಡಿ55ರ ಒಂದು ಚೂರು ಹುಟ್ಟಿನಿಂದಲೇ, ಎಲ್ಲ ಕಣಗಳಲ್ಲೂ ಬೇರೆ. ರಕ್ತ ಪಡೆಯುವ ಸಂದರ್ಭ ಬರುವವರೆಗೆ ಅದರಿಂದ ತೊಂದರೆಯೇ ಇಲ್ಲ. ಪಿಎನ್‌ಎಚ್ ಇರುವವರಲ್ಲಿ ಅದೇ ಪ್ರೋಟೀನು ಕೆಲವು ಕಣಗಳ ಮೇಲಿದೆ, ಕೆಲವುಗಳ ಮೇಲೆ ಇಲ್ಲವೇ ಇಲ್ಲ. ಗುರುತಿನ ಇರವಾಗಲಿ ಇಲ್ಲದಿರುವಿಕೆಯಾಗಲಿ ತಾನಾಗಿ ರೋಗವನ್ನು ಸಾರುವುದಿಲ್ಲ. ಯಾವ ಕಣದಲ್ಲಿ, ಯಾವುದರ ಜೊತೆಗೆ, ಎಷ್ಟು ಕಣಗಳಲ್ಲಿ ಎಂಬುದರಿಂದಲೇ ಅದಕ್ಕೆ ಅರ್ಥ ಬರುತ್ತದೆ. ಈ ಅಧ್ಯಾಯದುದ್ದಕ್ಕೂ ನಾನು ಸಾಧಿಸಹೊರಟಿರುವುದು ಇಷ್ಟೇ.

ಆಕಾರ ಹೇಳಲಾಗದ್ದು

1976ರಲ್ಲಿ ಫ್ರಾನ್ಸ್, ಅಮೆರಿಕ, ಬ್ರಿಟನ್ನಿನ ತಜ್ಞರು ಸೇರಿ ತೀವ್ರ ರಕ್ತಕ್ಯಾನ್ಸರುಗಳಿಗೆ ಒಂದು ವರ್ಗೀಕರಣ ಕೊಟ್ಟರು. ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಕಣದ ಗಾತ್ರ, ನಡುಬೀಜದ ಆಕಾರ, ಒಳಗಿನ ಹರಳುಗಳನ್ನು ನೋಡಿ ಹೆಸರಿಡುವ ಪದ್ಧತಿ ಅದು. ಲಿಂಫ್ ಕುಲದ ಕ್ಯಾನ್ಸರಿಗೆ ಎಲ್1, ಎಲ್2, ಎಲ್3 ಎಂದು ಮೂರು ಹೆಸರು ಬಂತು. ಜಗತ್ತಿನ ಪ್ರಯೋಗಾಲಯಗಳೆಲ್ಲ ಮೊದಲ ಬಾರಿಗೆ ಒಂದೇ ಭಾಷೆಯಲ್ಲಿ ಮಾತಾಡುವಂತಾಯಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಆ ಮೂರರಲ್ಲಿ ಮೊದಲೆರಡು ಉಳಿಯಲಿಲ್ಲ. ಲಿಂಫ್ ಕಣಗಳಲ್ಲಿ ಪ್ರತಿಕಾಯ ತಯಾರಿಸುವ ಬಿ ಕಣ, ಸೋಂಕಿತ ಕೋಶಗಳನ್ನು ಹುಡುಕಿ ಕೊಲ್ಲುವ ಟಿ ಕಣ ಎಂಬ ಎರಡು ಕವಲುಗಳಿವೆ. ಕ್ಯಾನ್ಸರು ಯಾವ ಕವಲಿನದೆಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಎಲ್1 ಮತ್ತು ಎಲ್2ಕ್ಕೂ ಈ ಕವಲುಗಳಿಗೂ ತಾಳೆಯೇ ಇಲ್ಲ. ಎಳೆಯ ಬಿ ಕಣ ಮತ್ತು ಎಳೆಯ ಟಿ ಕಣ ನೋಡಲು ಒಂದೇ ಥರ, ದುಂಡಗೆ, ನೀಲಿಗೆ. ಇಪ್ಪತ್ತೈದು ವರ್ಷಗಳ ನಂತರ, 2001ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಬಂದಾಗ ಆ ಹೆಸರುಗಳನ್ನು ಕೈಬಿಟ್ಟರು.

ಆಕಾರದ ವರ್ಗೀಕರಣ ಬರುವ ಮುನ್ನವೇ, 1975ರಲ್ಲಿ, ಕೇಂಬ್ರಿಜ್‌ನ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದ್ದರು. ಅಂಥ ಏಕರೂಪಿ ಪ್ರತಿಕಾಯಗಳಿಗೆ 1984ರಲ್ಲಿ ನೊಬೆಲ್ ಬಂತು. ಪ್ರತಿ ಪ್ರಯೋಗಾಲಯವೂ ತನ್ನ ಪ್ರತಿಕಾಯಕ್ಕೆ ತನ್ನದೇ ಹೆಸರಿಡತೊಡಗಿ ಗೊಂದಲವಾದಾಗ, 1982ರಲ್ಲಿ ಪ್ಯಾರಿಸ್‌ನಲ್ಲಿ ಕುಳಿತು ಗುರುತುಗಳಿಗೆ ಅಂಕಿ ಕೊಡುವುದೆಂದು ತೀರ್ಮಾನಿಸಿದರು. ಸಿಡಿ1, ಸಿಡಿ2 ಎಂದು ಶುರುವಾದ ಪಟ್ಟಿ ಈಗ 370 ದಾಟಿದೆ. ಇವುಗಳಲ್ಲಿ ಒಂದು ನಮ್ಮ ಊರುಗಳಲ್ಲಿ ಬಹಳ ಜನರಿಗೆ ಪರಿಚಿತ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿರುವಂಥ ಎಆರ್‌ಟಿ ಕೇಂದ್ರಗಳಿಗೆ ಹೋಗುವ ಎಚ್‌ಐವಿ ಸೋಂಕಿತರು ತಮ್ಮ ‘ಸಿಡಿ4 ಎಷ್ಟು’ ಎಂದು ಕೇಳುತ್ತಾರಲ್ಲ, ಅದು ಈ ಪಟ್ಟಿಯ ನಾಲ್ಕನೆಯ ಗುರುತನ್ನು ಹೊತ್ತ ಟಿ ಕಣಗಳ ಲೆಕ್ಕ.

ದಂಡಿನ ಬಿಲ್ಲೆ, ತೋಳಿನ ಪಟ್ಟಿ

ಬೆಂಗಳೂರಿನ ಪೂರ್ವಭಾಗವನ್ನು ಹಳಬರು ಇಂದಿಗೂ ದಂಡು ಎನ್ನುತ್ತಾರೆ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ಬೀಡುಬಿಟ್ಟದ್ದರಿಂದ ಬಂದ ಹೆಸರು. ಹಲಸೂರು ಕೆರೆಯ ಬಳಿ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಈಗಲೂ ಇದೆ. ಸಮವಸ್ತ್ರ ತೊಟ್ಟ ಸೈನಿಕನ ಮೈಮೇಲೆ ಎರಡು ಬಗೆಯ ಸುದ್ದಿ ಇರುತ್ತದೆ. ಟೋಪಿಯ ಬಿಲ್ಲೆ ಯಾವ ಪಡೆಯವನೆಂದು ಹೇಳುತ್ತದೆ, ತೋಳಿನ ಪಟ್ಟಿ ಯಾವ ದರ್ಜೆಯವನೆಂದು ಹೇಳುತ್ತದೆ. ರಕ್ತಕಣದ ಮೇಲ್ಗುರುತುಗಳೂ ಹೀಗೆಯೇ. ಸಿಡಿ19 ಇದ್ದರೆ ಬಿ ಕವಲು. ಸಿಡಿ3 ಇದ್ದರೆ ಟಿ ಕವಲು. ಸಿಡಿ13, ಸಿಡಿ33 ಇದ್ದರೆ ಮಜ್ಜೆಯ ಇನ್ನೊಂದು ದೊಡ್ಡ ಕುಲವಾದ ಮೈಲಾಯ್ಡ್. ಇವು ಬಿಲ್ಲೆಗಳು. ಇನ್ನು ಪಟ್ಟಿಗಳು: ತೀರ ಎಳೆಯ ಆಕರಕೋಶದ ಮೇಲೆ ಸಿಡಿ34 ಇರುತ್ತದೆ, ಕಣ ಬಲಿಯುತ್ತಾ ಅದು ಮರೆಯಾಗುತ್ತದೆ. ಬಿ ಕಣದ ಬಾಲ್ಯದಲ್ಲಿ ಸಿಡಿ10 ಹೆಚ್ಚು; ಬೆಳೆದಂತೆ ಅದು ಇಳಿದು ಸಿಡಿ20 ಏರುತ್ತದೆ; ಬಲಿತ ಮೇಲೆ ಮೈಮೇಲೆ ಪ್ರತಿಕಾಯವೇ ನಿಲ್ಲುತ್ತದೆ; ಕೊನೆಗೆ ಪ್ರತಿಕಾಯದ ಕಾರ್ಖಾನೆಯಾದಾಗ ಸಿಡಿ20 ಹೋಗಿ ಸಿಡಿ138 ಬರುತ್ತದೆ.

ಲ್ಯುಕೇಮಿಯಾ ಅಂದರೆ ಬಹುಮಟ್ಟಿಗೆ ಈ ಬೆಳವಣಿಗೆಯ ದಾರಿಯಲ್ಲಿ ಒಂದೆಡೆ ನಿಂತುಬಿಟ್ಟ ಕಣವೊಂದು ತನ್ನನ್ನೇ ನಕಲು ಮಾಡುತ್ತಾ ಹೋಗುವುದು. ಎಲ್ಲಿ ನಿಂತಿತೆಂಬುದೇ ಕಾಯಿಲೆಯ ಸ್ವಭಾವ. ಸಿಡಿ34, ಸಿಡಿ10, ಸಿಡಿ19 ಹೊತ್ತು ಬಾಲ್ಯದಲ್ಲೇ ನಿಂತರೆ ಅದು ಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ಬಿಟ್ಟರೆ ವಾರಗಳಲ್ಲಿ ಕೊಲ್ಲುವ, ಚಿಕಿತ್ಸೆ ಕೊಟ್ಟರೆ ಬಹುಪಾಲು ಮಕ್ಕಳಲ್ಲಿ ಗುಣವಾಗುವ ಲ್ಯುಕೇಮಿಯಾ. ಬಲಿತ ಬಿ ಕಣವಾಗಿ ನಿಂತರೆ ವಯಸ್ಸಾದವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲ ಸಿಎಲ್‌ಎಲ್. ಮೊದಲ ಪ್ಯಾರಾದ ಮಗುವೂ ಎಪ್ಪತ್ತು ದಾಟಿದವರೂ ಇವರೇ.

ಈ ಗುರುತುಗಳನ್ನು ಓದುವ ಯಂತ್ರಕ್ಕೆ ಫ್ಲೋ ಸೈಟೋಮೀಟರ್ ಎನ್ನುತ್ತಾರೆ. ಆ ಪರೀಕ್ಷೆಯನ್ನು ಇಲ್ಲಿ ಹರಿವೆಣಿಕೆ ಎಂದು ಕರೆಯುತ್ತೇನೆ. ರಕ್ತಕ್ಕೋ ಮಜ್ಜೆಗೋ ಎಂಟು ಹತ್ತು ಬಗೆಯ ಪ್ರತಿಕಾಯ ಬೆರೆಸುತ್ತಾರೆ, ಒಂದೊಂದಕ್ಕೂ ಒಂದೊಂದು ಬಣ್ಣದಲ್ಲಿ ಹೊಳೆಯುವ ವಸ್ತು ಕಟ್ಟಿರುತ್ತದೆ. ಕೂದಲಿಗಿಂತ ಸಣ್ಣ ನೀರಿನ ಎಳೆಯಲ್ಲಿ ಕಣಗಳು ಒಂದರ ಹಿಂದೆ ಒಂದು ಲೇಸರ್ ಬೆಳಕನ್ನು ದಾಟುತ್ತವೆ, ಸೆಕೆಂಡಿಗೆ ಸಾವಿರಾರು. ಚದುರಿದ ಬೆಳಕಿನಿಂದ ಗಾತ್ರ ಮತ್ತು ಒಳಗಿನ ಹರಳು ತಿಳಿಯುತ್ತದೆ, ಹೊಳೆದ ಬಣ್ಣಗಳಿಂದ ಯಾವ ಗುರುತು ಎಷ್ಟಿದೆ ಎಂಬುದು. ಪ್ರತಿ ಕಣಕ್ಕೂ ಒಂದು ಸಾಲು ದಾಖಲೆ. ಇಷ್ಟೇ ಯಂತ್ರದ ಕೆಲಸ, ಕಷ್ಟವಿರುವುದು ಓದುವುದರಲ್ಲಿ.

ಕ್ಯಾನ್ಸರಿಗೆಂದೇ ಇರುವ ಗುರುತು ಯಾವುದು?

ಯಾವುದೂ ಇಲ್ಲ. ಈ ಉತ್ತರವನ್ನು ವಿಜ್ಞಾನಿಗಳೇ ಸುಲಭವಾಗಿ ಒಪ್ಪಲಿಲ್ಲ. 1975ರಲ್ಲಿ ಲಂಡನ್ನಿನ ಮೆಲ್ ಗ್ರೀವ್ಸ್ ಮತ್ತು ಸಂಗಡಿಗರು ಮಕ್ಕಳ ಲ್ಯುಕೇಮಿಯಾ ಕಣಗಳನ್ನು ಮೊಲಗಳಿಗೆ ಚುಚ್ಚಿ ಪ್ರತಿಕಾಯ ಪಡೆದರು. ಆ ಪ್ರತಿಕಾಯ ಬಹುಪಾಲು ಲ್ಯುಕೇಮಿಯಾ ಮಕ್ಕಳ ಕಣಗಳಿಗೆ ಅಂಟಿತು, ಸಾಮಾನ್ಯ ರಕ್ತಕ್ಕೆ ಅಂಟಲಿಲ್ಲ. ಕೊನೆಗೂ ಕ್ಯಾನ್ಸರಿನ ಸಹಿ ಸಿಕ್ಕಿತೆಂಬ ಆಸೆ ಹುಟ್ಟಿದ್ದು ಸಹಜ. ‘ಕಾಲ’ ಎಂಬ ಚಿಕ್ಕ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಆದರೆ ಆರೋಗ್ಯವಂತ ಮಕ್ಕಳ ಮಜ್ಜೆಯಲ್ಲಿ ಹುಡುಕಿದಾಗ ಅಲ್ಲೂ ಅದು ಕಂಡಿತು, ಎಳೆಯ ಬಿ ಕಣಗಳ ಮೇಲೆ. 1980ರ ದಶಕದ ಕೊನೆಗೆ ಅದರ ರಚನೆ ಬಿಡಿಸಿದಾಗ, ಮೂತ್ರಪಿಂಡದಲ್ಲಿ ಮೊದಲೇ ಗೊತ್ತಿದ್ದ, ಸಣ್ಣ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವವೇ ಇದು ಎಂದು ತಿಳಿಯಿತು. ಇಂದು ಅದಕ್ಕೆ ಸಿಡಿ10 ಎಂದು ಹೆಸರು.

ಹಾಗಾದರೆ ಕ್ಯಾನ್ಸರನ್ನು ಓದುವುದು ಹೇಗೆ? ಒಂದು ಬಗೆ, ಬಿಲ್ಲೆಗಳ ಜೋಡಣೆಯಲ್ಲಿನ ಅಸಂಗತಿ. ಸಿಡಿ5 ಟಿ ಕಣದ ಗುರುತು. ಸಿಎಲ್‌ಎಲ್ ಕಣಗಳು ಬಿ ಕವಲಿನ ಸಿಡಿ19ರ ಜೊತೆಗೆ ಇದನ್ನೂ ಹೊತ್ತಿರುತ್ತವೆ. ಆದರೆ ಮ್ಯಾಂಟಲ್ ಕಣದ ಲಿಂಫೋಮಾ ಎಂಬ, ಸಾಮಾನ್ಯವಾಗಿ ಹೆಚ್ಚು ವೇಗದ ಕ್ಯಾನ್ಸರಿನಲ್ಲೂ ಸಿಡಿ19, ಸಿಡಿ5 ಎರಡೂ ಇರುತ್ತವೆ. ಸಿಡಿ23 ಮತ್ತು ಸಿಡಿ200 ನೋಡಬೇಕು: ಸಿಎಲ್‌ಎಲ್‌ನಲ್ಲಿ ಇರುತ್ತವೆ, ಮ್ಯಾಂಟಲ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಾದು ನೋಡೋಣ ಎನ್ನುವುದಕ್ಕೂ ಬೇಗ ಚಿಕಿತ್ಸೆ ಶುರುಮಾಡೋಣ ಎನ್ನುವುದಕ್ಕೂ ನಡುವಿನ ಗೆರೆ ಇಂಥ ಒಂದೆರಡು ಗುರುತುಗಳ ಮೇಲಿದೆ.

ಇನ್ನೊಂದು ಬಗೆ ನನಗೆ ಈ ಇಡೀ ಶಾಸ್ತ್ರದಲ್ಲೇ ಸುಂದರವಾಗಿ ಕಾಣುವುದು. ಬಲಿತ ಪ್ರತಿಯೊಂದು ಬಿ ಕಣವೂ ತನ್ನ ಪ್ರತಿಕಾಯದಲ್ಲಿ ಕಾಪಾ ಅಥವಾ ಲ್ಯಾಮ್ಡಾ ಎಂಬ ಎರಡು ಬಗೆಯ ಸರಪಳಿಗಳಲ್ಲಿ ಒಂದನ್ನು ಮಾತ್ರ ಬಳಸುತ್ತದೆ. ಆರೋಗ್ಯವಂತರ ರಕ್ತದಲ್ಲಿ ಎರಡೂ ಬೆರೆತಿರುತ್ತವೆ, ಹೆಚ್ಚುಕಡಿಮೆ ಎರಡು ಕಾಪಾಕ್ಕೆ ಒಂದು ಲ್ಯಾಮ್ಡಾದಂತೆ. ಒಬ್ಬರ ರಕ್ತದಲ್ಲಿ ಸಾವಿರಾರು ಬಿ ಕಣಗಳು ಎಲ್ಲವೂ ಲ್ಯಾಮ್ಡಾ ಆಗಿದ್ದರೆ, ಅವೆಲ್ಲ ಒಂದೇ ತಾಯಿಕಣದ ಮಕ್ಕಳು. ಬಿಡಿಯಾಗಿ ತೆಗೆದುಕೊಂಡರೆ ಯಾವ ಕಣದಲ್ಲೂ ಈ ಲೆಕ್ಕದಲ್ಲಿ ದೋಷವಿಲ್ಲ. ಗುಂಪನ್ನು ನೋಡಿದಾಗ ಮಾತ್ರ ರೋಗ ಕಾಣುತ್ತದೆ. ಒಂದು ಕಣವನ್ನು ಎಷ್ಟು ದಿಟ್ಟಿಸಿದರೂ ಈ ತಿಳಿವಳಿಕೆ ಬರುವುದಿಲ್ಲ.

ಮೂರನೆಯದು ಇಲ್ಲದಿರುವುದರ ಸಾಕ್ಷ್ಯ. ಎಪಿಎಲ್ ಎಂಬ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಸಿಡಿ33 ಢಾಳಾಗಿ ಹೊಳೆಯುತ್ತದೆ, ಆದರೆ ಎಳೆಕಣಗಳಲ್ಲಿ ನಿರೀಕ್ಷಿಸುವ ಸಿಡಿ34, ಎಚ್‌ಎಲ್‌ಎ-ಡಿಆರ್ ಎರಡೂ ಸಾಮಾನ್ಯವಾಗಿ ಕಾಣೆ. ಈ ಕಾಯಿಲೆಯಲ್ಲಿ ರಕ್ತಸ್ರಾವದಿಂದ ಮೊದಲ ದಿನಗಳಲ್ಲೇ ಸಾವು ಬರಬಹುದು. ಆ ಗಂಡಾಂತರ ದಾಟಿದರೆ ವಿಟಮಿನ್ ಎ ಮೂಲದ ಮಾತ್ರೆ ಮತ್ತು ಆರ್ಸೆನಿಕ್‌ನಿಂದ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಗುರುತು ಕಾಣೆಯಾದದ್ದನ್ನು ಮಾದರಿ ಬಂದ ಸಂಜೆಯೇ ಗಮನಿಸುವುದರ ಮೇಲೆ ಒಂದು ಜೀವ ನಿಂತಿರುತ್ತದೆ.

ಹತ್ತು ಸಾವಿರದಲ್ಲಿ ಒಂದು

ಮಗುವಿನ ಲ್ಯುಕೇಮಿಯಾಗೆ ಮೊದಲ ತಿಂಗಳ ಚಿಕಿತ್ಸೆ ಮುಗಿದಾಗ ಮಜ್ಜೆಯನ್ನು ಮತ್ತೆ ನೋಡುತ್ತಾರೆ. ಸೂಕ್ಷ್ಮದರ್ಶಕಕ್ಕೆ ಎಲ್ಲವೂ ಸರಿ ಕಾಣಬಹುದು. ಆದರೆ ಹರಿವೆಣಿಕೆ ಹತ್ತು ಸಾವಿರ ಕಣಗಳಲ್ಲಿ ಅಡಗಿದ ಒಂದು ಕ್ಯಾನ್ಸರ್ ಕಣವನ್ನೂ ಹಿಡಿಯಬಲ್ಲದು. ಈ ಉಳಿಕೆಯ ಲೆಕ್ಕದಿಂದಲೇ ಮುಂದಿನ ಚಿಕಿತ್ಸೆ ಹಗುರವಾಗಬೇಕೇ ಬಿಗಿಯಾಗಬೇಕೇ ಎಂದು ನಿರ್ಧರಿಸುತ್ತಾರೆ. ತೊಡಕು ಏನೆಂದರೆ, ಕೀಮೋ ಮುಗಿದ ಮಜ್ಜೆ ಚೇತರಿಸಿಕೊಳ್ಳುವಾಗ ಆರೋಗ್ಯವಂತ ಎಳೆಯ ಬಿ ಕಣಗಳನ್ನು ದಂಡಿಯಾಗಿ ಹುಟ್ಟಿಸುತ್ತದೆ. ಅವುಗಳ ಮೇಲೂ ಸಿಡಿ10, ಸಿಡಿ19, ಕೆಲವುಗಳ ಮೇಲೆ ಸಿಡಿ34. ಲ್ಯುಕೇಮಿಯಾ ಕಣದ ಮೇಲಿದ್ದ ಗುರುತುಗಳೇ! ಇಲ್ಲಿ ಗುರುತಿನ ಪಟ್ಟಿ ಹಿಡಿದು ಟಿಕ್ ಹಾಕುವವರು ಸೋಲುತ್ತಾರೆ. ಬಿಡಿಸಿಕೊಡುವುದು ಹರವು. ಆರೋಗ್ಯವಂತ ಎಳೆಕಣಗಳಲ್ಲಿ ಎಲ್ಲ ದರ್ಜೆಯವೂ ಇರುತ್ತವೆ; ಸಿಡಿ10 ಸ್ವಲ್ಪ ಸ್ವಲ್ಪವೇ ಇಳಿದು ಸಿಡಿ20 ಸ್ವಲ್ಪ ಸ್ವಲ್ಪವೇ ಏರುವುದು ಪರದೆಯ ಮೇಲೆ ಬಾಗಿದ ಗೆರೆಯಂತೆ ಮೂಡುತ್ತದೆ. ಲ್ಯುಕೇಮಿಯಾ ಕಣಗಳು ಒಂದೇ ದರ್ಜೆಯಲ್ಲಿ ಸಿಕ್ಕಿಕೊಂಡು, ಆ ಗೆರೆಯಿಂದ ಆಚೆ ಒಂದೆಡೆ ಗುಡ್ಡೆಯಾಗಿರುತ್ತವೆ. ಆರೋಗ್ಯದ ದಾರಿ ಹೇಗಿರುತ್ತದೆಂದು ಚೆನ್ನಾಗಿ ಬಲ್ಲವರಿಗೆ ಮಾತ್ರ ದಾರಿ ತಪ್ಪಿದ್ದು ಕಾಣುತ್ತದೆ.

ವಂಶವಾಹಿ ಇರುವಾಗ ಇದೇಕೆ?

ಗಟ್ಟಿಯಾದ ಆಕ್ಷೇಪವೊಂದಿದೆ. ಕ್ಯಾನ್ಸರಿನ ಬೇರು ವಂಶವಾಹಿಯ ಕೇಡಿನಲ್ಲಿದೆ, ಮೈಮೇಲಿನ ಗುರುತು ಅದರ ನೆರಳು ಮಾತ್ರ. ಹಾಗಿದ್ದಮೇಲೆ ನೇರ ಬೇರನ್ನೇ ಓದಬಾರದೇಕೆ? ಇಂದಿನ ವರ್ಗೀಕರಣಗಳು ಅನೇಕ ಕಡೆ ವಂಶವಾಹಿಗೇ ಮೊದಲ ಮಣೆ ಹಾಕಿವೆ, ಅದು ಸರಿಯೂ ಹೌದು. ಮೊದಲ ಪ್ಯಾರಾದಲ್ಲಿ ಮಾತ್ರೆ ನುಂಗುವವರ ಸಿಎಂಎಲ್ ಎಂಬ ಕಾಯಿಲೆಯಲ್ಲಿ ಹರಿವೆಣಿಕೆಯಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಕಣಗಳು ನಿಂತುಬಿಡುವುದಿಲ್ಲ, ಸರಿಯಾಗಿಯೇ ಬಲಿಯುತ್ತವೆ, ಸಂಖ್ಯೆ ಮಾತ್ರ ಮಿತಿಮೀರುತ್ತದೆ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಕಂಡ ತುಂಡು ವರ್ಣತಂತುವೇ ಅದರ ಗುರುತು, ಅದರಿಂದ ಹುಟ್ಟುವ ಪ್ರೋಟೀನನ್ನೇ ಮಾತ್ರೆ ತಡೆಯುತ್ತದೆ.

ಆದರೂ ಎರಡು ಕಾರಣಕ್ಕೆ ನಾನು ಮೇಲ್ಗುರುತಿನ ಪಕ್ಷ ವಹಿಸುತ್ತೇನೆ. ವಂಶವಾಹಿಯ ಪರೀಕ್ಷೆಗೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಹರಿವೆಣಿಕೆ ಗಂಟೆಗಳಲ್ಲಿ ಉತ್ತರ ಕೊಡುತ್ತದೆ, ಯಾವ ವಂಶವಾಹಿಯನ್ನು ಹುಡುಕಬೇಕೆಂದೂ ಸೂಚಿಸುತ್ತದೆ. ಎರಡನೆಯದು, ರಕ್ತದಿಂದ ಡಿಎನ್‌ಎ ತೆಗೆಯುವಾಗ ಸಾಮಾನ್ಯವಾಗಿ ಎಲ್ಲ ಕಣಗಳದ್ದೂ ಬೆರೆತುಹೋಗುತ್ತದೆ. ಹರಿವೆಣಿಕೆ ಒಂದೊಂದು ಕಣವನ್ನೂ ಬಿಡಿಯಾಗಿ ಕೇಳುತ್ತದೆ. ಗುರುತುಗಳು ಸುಳ್ಳು ಹೇಳುವುದಿಲ್ಲವೇ ಎಂದು ಕೇಳಬಹುದು. ಒಂಟಿ ಗುರುತು ಹೇಳುತ್ತದೆ: ಮೈಲಾಯ್ಡ್ ಲ್ಯುಕೇಮಿಯಾ ಕಣಗಳ ಮೇಲೆ ಟಿ ಕವಲಿನ ಸಿಡಿ7 ಕಾಣುವುದು ಅಪರೂಪವಲ್ಲ. ಅದಕ್ಕಾಗಿಯೇ ಒಂದು ಬಿಲ್ಲೆ ನೋಡಿ ಯಾರೂ ಹೆಸರಿಡುವುದಿಲ್ಲ, ಇಡಲೂಬಾರದು. ಇನ್ನು ಖರ್ಚು. ಸಾಮಾನ್ಯ ರಕ್ತ ಎಣಿಕೆ ಕೆ.ಆರ್. ಪುರದ ಸಣ್ಣ ಲ್ಯಾಬಿನಲ್ಲೂ ಆಗುತ್ತದೆ, ಹರಿವೆಣಿಕೆ ಯಂತ್ರ ದೊಡ್ಡ ಕೇಂದ್ರಗಳಲ್ಲಿ ಮಾತ್ರ; ಮಾದರಿಯ ಕಣಗಳು ಸಾಯುವ ಮುನ್ನ, ಒಂದೆರಡು ದಿನದೊಳಗೆ, ಅದು ಅಲ್ಲಿಗೆ ತಲುಪಬೇಕು. ಮೊದಲು ಕೆಲವೇ ಪ್ರತಿಕಾಯಗಳಿಂದ ಕವಲು ತಿಳಿದು, ಆಮೇಲೆ ಬೇಕಾದ ಪ್ರತಿಕಾಯಗಳನ್ನಷ್ಟೇ ಬಳಸಿದರೆ ಖರ್ಚು ಇಳಿಯುತ್ತದೆ. ತಪ್ಪು ಹೆಸರಿನ ಮೇಲೆ ನಡೆದ ಒಂದು ಸುತ್ತು ಕೀಮೋ ಎಲ್ಲಕ್ಕಿಂತ ದುಬಾರಿ, ದುಡ್ಡಿನಲ್ಲೂ ಜೀವದಲ್ಲೂ.

ಗುರುತೇ ಗುರಿಯಾದಾಗ

ಕಣದ ಮೇಲೆ ಗುರುತಿದ್ದರೆ ಪ್ರತಿಕಾಯವನ್ನೇ ಔಷಧಿಯಾಗಿ ಕಳಿಸಬಹುದಲ್ಲ? 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಿಟುಕ್ಸಿಮ್ಯಾಬ್ ಸಿಡಿ20ಕ್ಕೆ ಅಂಟಿ ಬಿ ಕಣಗಳನ್ನು ಕೊಲ್ಲುತ್ತದೆ. ಮುಂದಿನ ಹೆಜ್ಜೆಯಲ್ಲಿ ರೋಗಿಯ ಟಿ ಕಣಗಳನ್ನೇ ಹೊರತೆಗೆದು, ಸಿಡಿ19 ಹುಡುಕುವಂತೆ ತಿದ್ದಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆ ಬಂತು. ಭಾರತದಲ್ಲಿ ತಯಾರಾದ ಇಂಥ ಮೊದಲ ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಕಾರ್ಟೆಮಿ ಎಂಬ ತನ್ನ ಕಾರ್-ಟಿ ಚಿಕಿತ್ಸೆಯನ್ನು 2025ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಸಿಡಿ19 ಕ್ಯಾನ್ಸರಿನದೇ ಗುರುತಲ್ಲವಾದ್ದರಿಂದ ಆರೋಗ್ಯವಂತ ಬಿ ಕಣಗಳೂ ಇದರಲ್ಲಿ ಅಳಿಯುತ್ತವೆ. ರೋಗಿ ಬದುಕುವುದು ಬಿ ಕಣಗಳಿಲ್ಲದೆಯೂ ಕೆಲಕಾಲ ಬದುಕಬಹುದಾದ್ದರಿಂದ. ಸೋಂಕು ತಡೆಯಲು ಪ್ರತಿಕಾಯಗಳನ್ನು ಹೊರಗಿನಿಂದ ಕೊಡಬಹುದು. ಸಿಡಿ34 ಹೊತ್ತ ಆಕರಕೋಶದ ಮೇಲೆ ಸಿಡಿ19 ಇಲ್ಲದ್ದರಿಂದ ರಕ್ತದ ಬೇರು ಉಳಿಯುತ್ತದೆ. ಕೆಲವೊಮ್ಮೆ ಕ್ಯಾನ್ಸರು ಸಿಡಿ19ನ್ನೇ ಕಳಚಿ ಹಾಕಿ ಮರಳುವುದೂ ಉಂಟು.

ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಈ ಅವಕಾಶವಿಲ್ಲ. ಸಿಡಿ33ನ್ನು ಗುರಿಮಾಡಿದರೆ ಸೋಂಕಿನೆದುರು ನಮ್ಮನ್ನು ಕಾಯುವ ಮೈಲಾಯ್ಡ್ ಕಣಗಳೂ ಸಾಯುತ್ತವೆ, ಅವಿಲ್ಲದೆ ದಿನ ದೂಡುವುದೇ ಕಷ್ಟ. ಸಿಡಿ33ರ ಮೇಲೆ ವಿಷ ಒಯ್ಯುವ ಪ್ರತಿಕಾಯವೊಂದು 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು, 2010ರಲ್ಲಿ ಹಿಂತೆಗೆಯಲ್ಪಟ್ಟು, ಬೇರೆ ಪ್ರಮಾಣದಲ್ಲಿ 2017ರಲ್ಲಿ ಮರಳಿತು. ಕ್ಯಾನ್ಸರಿಗೆ ಪ್ರತ್ಯೇಕ ಗುರುತಿಲ್ಲವೆಂದಾದರೆ ಆರೋಗ್ಯವಂತ ಕಣದಿಂದಲೇ ಗುರುತನ್ನು ಅಳಿಸಿಬಿಟ್ಟರೆ ಹೇಗೆ ಎಂದು ಕೆಲವರು ಯೋಚಿಸಿದರು. ದಾನಿಯ ಆಕರಕೋಶಗಳಲ್ಲಿ ಸಿಡಿ33ರ ವಂಶವಾಹಿಯನ್ನು ಕತ್ತರಿಸಿ ತೆಗೆದರೂ ಅವು ರಕ್ತ ಹುಟ್ಟಿಸಬಲ್ಲವು ಎಂದು 2018ರಲ್ಲಿ ಪ್ರಾಣಿಗಳಲ್ಲಿ ತೋರಿಸಲಾಯಿತು. ಅಂಥ ಮಜ್ಜೆಯನ್ನು ಕಸಿ ಮಾಡಿದ ಮೇಲೆ ರೋಗಿಯ ಮೈಯಲ್ಲಿ ಸಿಡಿ33 ಹೊತ್ತು ಉಳಿದ ರಕ್ತಕಣವೆಂದರೆ ಹಳೆಯ ಲ್ಯುಕೇಮಿಯಾದ್ದೇ ಎಂದಾಗುತ್ತದೆ, ಔಷಧಿ ಅದನ್ನು ಹಿಂಜರಿಕೆಯಿಲ್ಲದೆ ಕೊಲ್ಲಬಹುದು. ಮನುಷ್ಯರಲ್ಲಿ ಇದರ ಮೊದಲ ಪ್ರಯೋಗಗಳು ನಡೆದಿವೆ.